ಹೆಸರು ಕೇಳದ ಕಂಪ್ಯೂಟರು

ದಸರೆಯ ರಜೆ ಮುಗಿದು ಕೆಲಸಕ್ಕೆ ಬಂದ ಮೊದಲ ಬೆಳಿಗ್ಗೆ ಕಂಪ್ಯೂಟರು ನನ್ನ ಹೆಸರು ಕೇಳಲಿಲ್ಲ. ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ, ಆ ಗುರುವಾರದ ಡೈರಿಯಲ್ಲಿ ಬರೆದಿಟ್ಟಿದ್ದೇನೆ: "ಇವತ್ತು ಹೆಸರು ಕೇಳಲಿಲ್ಲ. ಒಂದು ತಾಪತ್ರಯ ಕಡಿಮೆಯಾಯಿತು." ಉಳಿದದ್ದರಲ್ಲಿ ಹೆಚ್ಚಿನ ಪಾಲು ನೆನಪಿನಿಂದ ಬರೆಯುತ್ತಿರುವುದು. ಆ ವಾರದ ವಿಷಯದಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಎಂ.ಎಸ್ಸಿ. ಮುಗಿಸಿ ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಬಟ್ಟೆಯಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ರಕ್ತಪರೀಕ್ಷೆಯ ಲ್ಯಾಬಿಗೆ ಸೇರಿದ್ದೆ. ಅಲ್ಲಿ ನಾಲ್ಕು ಜನ. ಲ್ಯಾಬಿನ ಒಡೆಯರಾದ ಡಾಕ್ಟರು, ಕೌಂಟರಿನಲ್ಲಿ ಕೂರುವ ಅಕ್ಕ, ನಾನು, ಮತ್ತು ನನಗೆ ಕೆಲಸ ಕಲಿಸಿದ ಹಿರಿಯ ಟೆಕ್ನೀಷಿಯನ್. ಅವರನ್ನು ಎಲ್ಲರೂ ಮೇಡಂ ಎಂದೇ ಕರೆಯುತ್ತಿದ್ದೆವು. ಉತ್ತರಹಳ್ಳಿಯವರು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಏಳು ಗಂಟೆಗೇ ಮೆಟ್ಟಿಲ ಮೇಲೆ ಕಾಯುತ್ತಿದ್ದುದರಿಂದ ಅವರು ಮಗಳು ಏಳುವ ಮೊದಲೇ ಮನೆ ಬಿಟ್ಟು ಮೊದಲ ಬಸ್ಸಿಗೆ ಬರುತ್ತಿದ್ದರು.

ಎರಡು ಕಂಪ್ಯೂಟರುಗಳಿದ್ದವು. ಕೌಂಟರಿನಲ್ಲಿದ್ದದ್ದು ಹೊಸದು, ರಿಪೋರ್ಟುಗಳೆಲ್ಲ ಅದರಲ್ಲಿ. ಒಳಕೋಣೆಯಲ್ಲಿ ನಾವು ಫಲಿತಾಂಶ ಬೆರಳಚ್ಚಿಸುತ್ತಿದ್ದದ್ದು ಹಳೆಯದು. ಒಂದು ತಂತಿಯಿಂದ ಎರಡನ್ನೂ ಸೇರಿಸಿದ್ದರು. ಹಳೆಯದನ್ನು ಚಾಲೂ ಮಾಡಿದಾಗ, ಪರದೆಯ ಹಸಿರುನೀಲಿಯ ನಡುವೆ ಒಂದು ಸಣ್ಣ ಬೂದು ಚೌಕ ಮೂಡಿ ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತು. ಅಲ್ಲಿ ಯಾವ ಹೆಸರು ಕೊಟ್ಟು ಒಳಗೆ ಹೋಗುತ್ತೇವೋ ಅದೇ ಹೆಸರು ಆ ದಿನದ ಪ್ರತಿ ರಿಪೋರ್ಟಿನ ಕೆಳಗೆ, ಪರೀಕ್ಷಿಸಿದವರು ಎಂಬಲ್ಲಿ, ತಾನಾಗಿ ಅಚ್ಚಾಗುತ್ತಿತ್ತು. ಅದರ ಪಕ್ಕದಲ್ಲಿ ನಾವು ಪೆನ್ನಿನಿಂದ ಚಿಕ್ಕ ಸಹಿ ಹಾಕುತ್ತಿದ್ದೆವು.

ಮೇಡಂ ತೀರಿಕೊಂಡದ್ದು ಆ ವರ್ಷದ ಗಣೇಶನ ಹಬ್ಬಕ್ಕೆ ಸ್ವಲ್ಪ ಮೊದಲು. ಜ್ವರವೆಂದು ರಜೆ ಹಾಕಿದರು, ಎಂಟನೇ ದಿನ ಆಸ್ಪತ್ರೆಯಿಂದ ಸುದ್ದಿ ಬಂತು. ಅವರ ರಕ್ತವನ್ನು ಮೊದಲ ದಿನ ಪರೀಕ್ಷೆ ಮಾಡಿದವಳು ನಾನೇ. ಅದರ ಬಗ್ಗೆ ಇಲ್ಲಿ ಬರೆಯಲಾರೆ.

ಹೆಸರಿನ ಚೌಕ ಬಾರದ ಆ ಗುರುವಾರ ನಾನು ಖುಷಿಯಾಗಿದ್ದೆ ಎಂದೇ ಡೈರಿ ಹೇಳುತ್ತದೆ. ಕಂಪ್ಯೂಟರು ನೇರವಾಗಿ ತೆರೆದುಕೊಂಡಿತು. ಕೌಂಟರಿನ ಯಂತ್ರದ ಕಡತಗಳೂ ಸಲೀಸಾಗಿ ಬಂದವು. ಅಕ್ಕನಿಗೆ ಹೇಳಿದಾಗ, ಬಿಡೇ, ಒಂದು ಕೆಲಸ ಕಮ್ಮಿ ಆಯ್ತಲ್ಲ, ಅದಕ್ಕೂ ಅಳ್ತೀಯಾ, ಎಂದಳು. ಗುರುವಾರ, ಶುಕ್ರವಾರ, ಶನಿವಾರ ಬೆಳಿಗ್ಗೆ, ಮೂರು ದಿನ ರಿಪೋರ್ಟುಗಳು ಹೋದವು. ಮುದ್ರಕ ಕಿರ್ರೆಂದು ಕಾಗದ ಉಗುಳುವುದು, ನಾನು ಹರಿಯುವುದು, ಸಹಿ ಹಾಕುವುದು, ಅಕ್ಕ ಲಕೋಟೆಗೆ ಹಾಕುವುದು.

ಶನಿವಾರ ಹತ್ತೂವರೆಯ ಹೊತ್ತಿಗೆ ಮೇಡಂ ಅವರ ಯಜಮಾನರು ಮೆಟ್ಟಿಲು ಹತ್ತಿ ಬಂದರು. ಉತ್ತರಹಳ್ಳಿಯಲ್ಲಿ ಹಿಂದೆ ಹೊಲ ಮಾಡುತ್ತಿದ್ದ ಮನೆತನ. ಈಗ ಅದೇ ಜಾಗದಲ್ಲಿ ನಾಲ್ಕು ಬಾಡಿಗೆ ಮನೆ ಕಟ್ಟಿಸಿ, ಪಕ್ಕದಲ್ಲಿ ಸಿಮೆಂಟಿನ ಅಂಗಡಿ ಇಟ್ಟುಕೊಂಡಿದ್ದರು. ಗುರುವಾರ ಅವರ ತಾಯಿ ಸಕ್ಕರೆ ಪರೀಕ್ಷೆಗೆ ಬಂದು ಹೋಗಿದ್ದರು. ರಿಪೋರ್ಟಿನಲ್ಲಿ ಏನಾದರೂ ಅನುಮಾನವಿರಬೇಕೆಂದುಕೊಂಡು ಕುಳಿತುಕೊಳ್ಳಲು ಹೇಳಿದೆ. ಅವರು ಕೂರಲಿಲ್ಲ. ಮಡಿಸಿದ ಕಾಗದವನ್ನು ಬಿಚ್ಚಿ ಮೇಜಿನ ಮೇಲಿಟ್ಟು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು.

"ಇದು ಮೊನ್ನೆ ತಾರೀಕೇ ಅಲ್ವರಾ?"

ತಾರೀಕು ಗುರುವಾರದ್ದು. ಬೆರಳಿನ ಕೆಳಗೆ ಅವರ ಹೆಂಡತಿಯ ಹೆಸರಿತ್ತು. ಅದಕ್ಕೆ ತಾಗಿಕೊಂಡಂತೆ ನನ್ನ ಸಹಿ.

ಆಮೇಲೆ ನಾನು ಏನು ಮಾಡಿದೆ ಎಂಬುದು ಸರಿಯಾಗಿ ನೆನಪಿಲ್ಲ. ಕೌಂಟರಿನಲ್ಲಿ ಉಳಿದಿದ್ದ ಲಕೋಟೆಗಳನ್ನು ಅಕ್ಕ ಒಂದೊಂದಾಗಿ ತೆಗೆದು ನೋಡಿದ್ದು ನೆನಪಿದೆ. ಪ್ರತಿಯೊಂದರಲ್ಲೂ ಅದೇ ಹೆಸರು. ಕಡತದಲ್ಲಿದ್ದ ಪ್ರತಿಗಳಲ್ಲೂ ಅದೇ. ಮೂರು ದಿನ ನಾನು ಆ ಸಾಲಿನ ಪಕ್ಕದಲ್ಲಿ ಪೆನ್ನಾಡಿಸಿದ್ದೆ, ಒಂದು ಸಲವೂ ಓದಿರಲಿಲ್ಲ. ನಾಲ್ಕು ವರ್ಷ ಅದೇ ಜಾಗದಲ್ಲಿ ಅದೇ ಹೆಸರನ್ನು ನೋಡಿದ ಕಣ್ಣಿಗೆ ಅದು ಅಲ್ಲಿರುವುದು ವಿಚಿತ್ರವೆಂದೇ ಅನ್ನಿಸಿರಲಿಲ್ಲ.

ಅವರು ಸಿಟ್ಟು ಮಾಡಲು ಬಂದಿರಲಿಲ್ಲ. ಮಗಳ ವಿಷಯಕ್ಕೆ ಬಂದಿದ್ದರು. ಎರಡನೇ ಕ್ಲಾಸಿನ ಹುಡುಗಿ, ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಓದುವ ವಯಸ್ಸು. ಗುರುವಾರ ಸಂಜೆ ಅಜ್ಜಿಯ ರಿಪೋರ್ಟನ್ನು ಓದಿದ್ದಾಳೆ. ಯಾರಿಗೂ ಏನೂ ಹೇಳಿಲ್ಲ. ಶುಕ್ರವಾರ ಬೆಳಿಗ್ಗೆ ಅಟ್ಟದಿಂದ ಅಮ್ಮನ ಊಟದ ಡಬ್ಬಿ ಇಳಿಸಿಕೊಂಡು, ತೊಳೆದು, ಅಜ್ಜಿಯ ಮುಂದಿಟ್ಟು, ಅಮ್ಮನಿಗೆ ಕಟ್ಟು ಎಂದಿದ್ದಾಳೆ. ಅಮ್ಮ ಸತ್ತ ದಿನ ಅವಳನ್ನು ಪಕ್ಕದ ಮನೆಗೆ ಕಳಿಸಿದ್ದರಂತೆ, ಏನೂ ತೋರಿಸಿರಲಿಲ್ಲ. ಅಮ್ಮ ದೇವರ ಹತ್ತಿರ ಹೋದಳು ಎಂದು ಹೇಳಿ ಮುಗಿಸಿದ್ದರು.

"ದೇವ್ರತ್ರ ಅಂತ ನೀವು ಸುಳ್ಳು ಹೇಳಿದ್ರಿ, ಅಮ್ಮ ಲ್ಯಾಬಲ್ಲೇ ಐತೆ, ಬರ್ದವ್ರೆ ನೋಡು ಅಂತಾಳೆ," ಎಂದರು. "ನಾನೇಳಿದ್ರೆ ನಂಬಕ್ಕಿಲ್ಲ. ನಾಳೆ ಕರ್ಕೊಂಡ್ ಬತ್ತೀನಿ. ನೀವೇ ಹೇಳ್ಬೇಕು."

ಕಂಪ್ಯೂಟರು ಕೆಟ್ಟಿತ್ತು ಎಂದು ಹೇಳುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು.

"ಮಿಷಿನ್ನು ಅಂತ ಮಾತ್ರ ಅನ್ಬೇಡಿ. ಮಿಷಿನ್ನಿಗೆ ಗೊತ್ತಾಗೈತೆ, ನಿಮಗೇ ಗೊತ್ತಿಲ್ಲ ಅಂತಾಳೆ. ಯಾರು ಬರ್ದಿದ್ದು ಅಂತ ಹೇಳಿ."

ಅವರು ಇಳಿದುಹೋದ ಮೇಲೆ ಒಳಕೋಣೆಗೆ ಬಂದು ಕಂಪ್ಯೂಟರಿನ ಮುಂದೆ ನಿಂತೆ. ಕೂರಲು ಮನಸ್ಸಾಗಲಿಲ್ಲ. ಯಾರದೋ ಬಿಸಿ ಇನ್ನೂ ಆರದ ಖುರ್ಚಿಯಂತೆ ಕಂಡಿತು, ಅದು ಬೆಳಗಿನಿಂದ ಅಲ್ಲಿ ಕೂತಿದ್ದ ನನ್ನದೇ ಬಿಸಿ ಎಂದು ಗೊತ್ತಿದ್ದೂ.

ಮೊದಲು ಗೊತ್ತಿರುವ ಉಪಾಯಗಳನ್ನೆಲ್ಲ ಮಾಡಿದೆ. ಆರಿಸಿ ಮತ್ತೆ ಹಾಕಿದೆ. ನೇರ ಒಳಗೆ. ಹಿಂದೆ ಬಗ್ಗಿ ತಂತಿ ಸಡಿಲವಾಗಿದೆಯೇ ನೋಡಿದೆ. ಬಿಗಿಯಾಗಿತ್ತು, ಪಕ್ಕದ ಹಸಿರು ದೀಪ ಮಿಣುಕುತ್ತಿತ್ತು. ತಂತಿ ಕಿತ್ತು ಮತ್ತೆ ಸಿಕ್ಕಿಸಿದೆ. ನೇರ ಒಳಗೆ. ನಾಲ್ಕನೇ ಸಲ ಹಾಕುವಾಗ ಅದು ಕೇಳಲಿ ಎಂದು ಕೈಮುಗಿಯುವುದೊಂದು ಬಾಕಿ. ಬೂದು ಚೌಕ ಬರಬೇಕಾದ ಗಳಿಗೆಯಲ್ಲಿ ಪರದೆ ಅರೆಕ್ಷಣ ತಡೆದಂತಾಗುತ್ತಿತ್ತು, ಪರಿಚಯದವರಿಗೆ ಬಾಗಿಲು ತೆರೆಯುವವರು ಮುಖ ನೋಡುವಷ್ಟು ಹೊತ್ತು. ಆಮೇಲೆ ತೆರೆದುಕೊಳ್ಳುತ್ತಿತ್ತು.

ಕೆಳಮೂಲೆಯ ಗುಂಡಿ ಒತ್ತಿ ಪಟ್ಟಿ ತೆರೆದೆ. ಕಂಪ್ಯೂಟರು ಆರಿಸುವ ಸಾಲಿನ ಮೇಲೆ ಇನ್ನೊಂದು ಸಾಲಿದೆ, ಇಂಥವರು ಹೊರಗೆ ಹೋಗಬಹುದು ಎನ್ನುವ ಅರ್ಥದ್ದು. ಅಲ್ಲಿ ಮೇಡಂ ಹೆಸರಿತ್ತು. ದಿನವೂ ಸಂಜೆ ಅದರ ಕೆಳಗಿನ ಸಾಲನ್ನು ಒತ್ತಿಯೇ ಮನೆಗೆ ಹೋಗುತ್ತಿದ್ದೆ. ಈಗ ಆ ಹೆಸರಿನ ಸಾಲನ್ನೇ ಒತ್ತಿದೆ. ಚೌಕ ಬಂತು. ಮೇಲಿನ ಖಾನೆಯಲ್ಲಿ ಅವರ ಹೆಸರು ಆಗಲೇ ತುಂಬಿತ್ತು, ಪಾಸ್‌ವರ್ಡಿನ ಖಾನೆ ಖಾಲಿ, ಅದರಲ್ಲಿ ಸಣ್ಣ ಗೆರೆ ಮಿನುಗುತ್ತಿತ್ತು. ಏನನ್ನೂ ಬೆರಳಚ್ಚಿಸದೆ ಎಂಟರ್ ಒತ್ತಿದೆ. ಒಳಗೆ ಬಿಟ್ಟಿತು.

ಕಂಪ್ಯೂಟರಿನ ರಿಪೇರಿಗೆ ಬರುತ್ತಿದ್ದ ಇಂಜಿನಿಯರು ಧಾರವಾಡದ ಕಡೆಯವನು, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ. ಹಬ್ಬಕ್ಕೆ ಊರಿಗೆ ಹೋದವನು ಅವತ್ತೇ ಬೆಳಿಗ್ಗೆ ಬಂದಿದ್ದ. ಅವನ ಆಫೀಸಿಗೆ ಫೋನು ಮಾಡಿದೆ. ಸತ್ತವರ ಹೆಸರಿನಲ್ಲಿ ತಾನೇ ತೆರೆಯುತ್ತಿದೆ ಎಂದಾಗ ಇನ್ನೊಮ್ಮೆ ಹೇಳಿ ಎಂದ. ಆಮೇಲೆ ನಕ್ಕ.

"ದೆವ್ವ ಗಿವ್ವ ಏನಿಲ್ರಿ. ಪಾಸ್‌ವರ್ಡ್ ಖಾಲಿ ಬಿಟ್ಟಿದ್ರ ಅದು ಕೇಳೂದಿಲ್ರಿ. ಕಡೀಕ್ ಬಂದವ್ರು ಯಾರದಾರ ನೋಡಿ, ಅವ್ರ ಹೆಸರ್ಲೇ ಸುಮ್ನ ಒಳಗ ಬಿಡ್ತದ."

ಹಾಗಿದ್ದರೆ ಮೊದಲೆಲ್ಲ ಕೇಳುತ್ತಿತ್ತಲ್ಲ ಎಂದೆ. ಅವನು ವಿವರಿಸಿದ. ಮೇಡಂ ತೀರಿಕೊಂಡ ಮೇಲೆ, ದಸರೆಗೆ ಮೊದಲು, ಅವನು ಬಂದು ತಂತಿ ಸಿಕ್ಕಿಸುವ ಕಾರ್ಡು ಬದಲಿಸಿದ್ದ. ಆಗ ಹಳೆಯ ಪಾಸ್‌ವರ್ಡುಗಳ ಕಡತಗಳು ಕೆಟ್ಟಿವೆಯೆಂದು ಅಳಿಸಿದ್ದ. ನಾವೆಲ್ಲ ಹೊಸದು ಕೊಟ್ಟುಕೊಂಡಿದ್ದೆವು. ಅದೇ ಸಲ ನೆಟ್‌ವರ್ಕಿನ ಒಂದು ಸೆಟ್ಟಿಂಗನ್ನು ಮೊದಲಿನಂತೆ ಇಡುವುದನ್ನು ಮರೆತಿದ್ದ. ತಪ್ಪನ್ನು ಒಪ್ಪಿಕೊಂಡ. ಆದರೆ ಅದೊಂದರಿಂದಲೇ ಹೀಗಾಗುವುದಿಲ್ಲ, ಆಮೇಲೆ ಯಾರೋ ಆ ಹೆಸರು ಬರೆದು, ಪಾಸ್‌ವರ್ಡು ಖಾಲಿ ಬಿಟ್ಟು, ಹೌದೇ ಎಂದು ಅದು ಕೇಳಿದಾಗ ಮತ್ತೆ ಖಾಲಿಯನ್ನೇ ಕೊಟ್ಟು ಒಪ್ಪಿಸಿರಬೇಕು ಎಂದ.

"ಎರಡು ಸಲ ಎಂಟರ್ ಹೊಡ್ದಾರ್ರಿ. ಕೈ ತಪ್ಪಿ ಆಗೂದಲ್ಲ ಅದು. ಯಾರು ಅಂತ ನೆನಪ ಮಾಡ್ಕೋರಿ."

ನೆನಪು ಮಾಡಿಕೊಳ್ಳಬೇಕಾದ ದಿನ ಯಾವುದು ಎಂದು ಫೋನು ಇಡುವ ಮೊದಲೇ ನನಗೆ ಹೊಳೆದಿತ್ತು.

ನಮ್ಮ ಲ್ಯಾಬಿನಲ್ಲಿ ಆಯುಧಪೂಜೆಯ ಸಂಜೆ ಮೈಕ್ರೋಸ್ಕೋಪು, ರಕ್ತ ತಿರುಗಿಸುವ ಯಂತ್ರ, ಕಂಪ್ಯೂಟರು ಎಲ್ಲದಕ್ಕೂ ಕುಂಕುಮ ಇಟ್ಟು, ಚೆಂಡು ಹೂವು ಹಾಕಿ, ಬೂದುಗುಂಬಳಕಾಯಿ ಒಡೆಯುತ್ತಿದ್ದೆವು. ಮರುದಿನ ವಿಜಯದಶಮಿಗೆ ಒಂದು ಗಂಟೆ ಬಂದು ಕೆಲಸ ಪ್ರಾರಂಭ ಮಾಡಿ ಹೋಗಬೇಕು. ಪ್ರಾರಂಭದ ರಕ್ತ ಹೊರಗಿನವರದಾಗಬಾರದು. ಕೆಲಸದಲ್ಲಿ ಎಲ್ಲರಿಗಿಂತ ಹಿರಿಯರು ತಮ್ಮದೇ ಬೆರಳು ಚುಚ್ಚಿಕೊಂಡು, ತಮ್ಮ ಹಿಮೋಗ್ಲೋಬಿನ್ ನೋಡಿಕೊಂಡು, ತಮ್ಮ ಹೆಸರಿನಲ್ಲೇ ಕಂಪ್ಯೂಟರು ತೆರೆದು ಮೊದಲ ರಿಪೋರ್ಟು ಬರೆಯಬೇಕು. ಇದನ್ನು ಶುರು ಮಾಡಿದ್ದು ಮೇಡಂ. ನಾಲ್ಕು ದಸರೆ ಅವರೇ ಮಾಡಿದ್ದರು. ಈ ಸಲ ಯಾರು ಎಂದಾಗ, ಅವರ ಹೆಸರಿನಲ್ಲೇ ತೆರೆದು, ಏನೂ ಬರೆಯದೆ ಆರಿಸೋಣ ಎಂದು ಯಾರೋ ಅಂದರು. ಡಾಕ್ಟರು ಸರಿ ಎಂದರು.

ಹೆಸರು ಬರೆದಾಯಿತು. ಆಮೇಲೆ ಪಾಸ್‌ವರ್ಡಿನ ಖಾನೆ. ಅವರ ಹಳೆಯದು ಅವರೊಂದಿಗೇ ಹೋಗಿತ್ತು, ಕಡತವೂ ಅಳಿದಿತ್ತು. ಏನು ಬರೆದರೂ ಯಂತ್ರ ಒಪ್ಪುತ್ತಿತ್ತು. ಸತ್ತವರಿಗೆ ನಾವು ಒಂದು ಗುಟ್ಟಿನ ಮಾತು ಕಟ್ಟಿಕೊಡುವುದು ತಪ್ಪು, ಖಾಲಿ ಇರಲಿ ಎಂದು ಅನ್ನಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಅನ್ನಿಸಿದ್ದು ನೆನಪಿದೆ. ಒತ್ತಿದ ಬೆರಳು ಯಾರದೆಂದು ನೆನಪಿಲ್ಲ.

ನನ್ನ ಕಣ್ಣಿಗೆ ಕಟ್ಟಿದಂತಿದ್ದದ್ದು ಅಕ್ಕನ ಕೈ: ಹಸಿರು ಬಳೆ, ಬೆರಳ ತುದಿಯಲ್ಲಿ ಕುಂಕುಮ. ಅಕ್ಕನನ್ನು ಕೇಳಿದೆ. ಅವಳು ನಾನು ತಮಾಷೆ ಮಾಡುತ್ತಿದ್ದೇನೆಂದುಕೊಂಡಳು.

"ನೀನೇ ಅಲ್ವೇನೇ ಕೂತಿದ್ದು? ನಾನು ಕಡ್ಲೆಪುರಿ ಪೊಟ್ಟಣ ಕಟ್ತಾ ಇದ್ದೆ. ನಂಗೆ ಆ ಮಿಷಿನ್ ಹತ್ರ ಬರಕ್ಕೇ ಭಯ ಅಂತ ಗೊತ್ತಿಲ್ವಾ ನಿಂಗೆ?"

ಡಾಕ್ಟರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಯೋಚಿಸಿ, ನಾನೇ ಇರಬಹುದಮ್ಮ, ಖಚಿತವಿಲ್ಲ ಎಂದರು. ನನ್ನನ್ನು ಕಾಪಾಡಲು ಹಾಗೆಂದರೋ, ನಿಜವಾಗಿಯೂ ಅವರಿಗೂ ಮರೆತಿತ್ತೋ. ಸಂಜೆ ಬನಶಂಕರಿಯ ರೂಮಿಗೆ ಹೋಗಿ ಡೈರಿ ತೆಗೆದು ನೋಡಿದೆ. ವಿಜಯದಶಮಿಯ ದಿನ ಎರಡೇ ಸಾಲು: "ಲ್ಯಾಬಿನಲ್ಲಿ ಪ್ರಾರಂಭ ಆಯಿತು. ಮೇಡಂ ಇರಬೇಕಿತ್ತು." ಡೈರಿ ಬರೆಯುವವಳೆಂದು ನನಗೆ ನಾನೇ ಕೊಟ್ಟುಕೊಂಡಿದ್ದ ಹೆಚ್ಚುಗಾರಿಕೆಯ ಬೆಲೆ ಅವತ್ತು ತಿಳಿಯಿತು. ಮೂರು ಜನ ನಿಂತಿದ್ದ ಕೋಣೆ, ಬರೀ ಹತ್ತು ದಿನದೊಳಗಿನ ಮಾತು, ಒಂದು ಹೆಸರನ್ನು ಬರೆದದ್ದು ಯಾರೆಂದು ಹೇಳಬಲ್ಲವರು ಆ ಮೂವರಲ್ಲಿ ಒಬ್ಬರೂ ಇರಲಿಲ್ಲ. ರಾತ್ರಿಯೆಲ್ಲ ಯೋಚನೆ ಸುತ್ತಿದಲ್ಲೇ ಸುತ್ತಿತು. ನಾವ್ಯಾರೂ ಅಲ್ಲದಿದ್ದರೆ? ಅಂಥ ಯೋಚನೆ ಮಾಡಿದ್ದಕ್ಕೆ ನಾಚಿಕೆಯಾಯಿತು. ಆದರೂ ಮಾಡಿದೆ.

ಭಾನುವಾರ ಲ್ಯಾಬು ಅರ್ಧ ದಿನ. ಬೇಗ ಹೋಗಿ ಇಂಜಿನಿಯರು ಹೇಳಿಕೊಟ್ಟಂತೆ ಮಾಡಿದೆ. ನೆಟ್‌ವರ್ಕಿನ ಪಟ್ಟಿ ತೆರೆದು, ಮೊದಲು ಯಾವುದರ ಮೂಲಕ ಒಳಗೆ ಬರಬೇಕು ಎಂಬ ಸಾಲನ್ನು ಹಿಂದಿನಂತೆ ಬದಲಿಸಿದೆ. ಮೇಡಂ ಹೆಸರಿನ ಪಾಸ್‌ವರ್ಡು ಕಡತವನ್ನು ಹುಡುಕಿದೆ. ಅಳಿಸಲೇ ಎಂದು ಯಂತ್ರ ಕೇಳಿತು. ಮೂರು ದಿನದಿಂದ ಏನನ್ನೂ ಕೇಳದಿದ್ದದ್ದು ಈಗ ಇದನ್ನು ಕೇಳುತ್ತಿದೆ. ಹೌದು ಎಂದೆ. ಆರಿಸಿ ಹಾಕಿದೆ.

ಚೌಕ ಬಂತು. ಅದರಲ್ಲಿ ಇನ್ನೂ ಅವರ ಹೆಸರಿತ್ತು. ಹಾಗೆ ಬರುತ್ತದೆ, ಕಡೆಯ ಹೆಸರನ್ನು ಅದು ಹಿಡಿದಿಟ್ಟುಕೊಂಡಿರುತ್ತದೆ, ಗಾಬರಿಯಾಗಬೇಡಿ ಎಂದು ಇಂಜಿನಿಯರು ಮೊದಲೇ ಹೇಳಿದ್ದ. ಒಂದೇ ಸಲಕ್ಕೆ ಅಳಿಸಬಹುದಿತ್ತು. ನಾನು ಕೊನೆಯ ಅಕ್ಷರದಿಂದ ಒಂದೊಂದಾಗಿ ಅಳಿಸಿದೆ. ಮಧ್ಯದಲ್ಲಿ, ನಾಲ್ಕು ಅಕ್ಷರ ಉಳಿದಿದ್ದಾಗ, ಹಿಂದೆ ಯಾರೋ ನಿಂತು ನೋಡುತ್ತಿರುವಂತೆ ಅನ್ನಿಸಿತು. ತಿರುಗಲಿಲ್ಲ. ಅಳಿಸಿ ಮುಗಿಸಿ, ನನ್ನ ಹೆಸರು ಬರೆದು ಒಳಗೆ ಹೋದೆ.

ಹೊರಗೆ ಹೋಗಿದ್ದ ರಿಪೋರ್ಟುಗಳನ್ನೆಲ್ಲ ವಾಪಸು ತರಿಸಿ ನನ್ನ ಹೆಸರಿನಲ್ಲಿ ಮತ್ತೆ ಕೊಡಬೇಕೆಂದು ಡಾಕ್ಟರು ಹೇಳಿದ್ದರು. ಅಕ್ಕ ಫೋನು ಮಾಡುತ್ತ ಕೂತಳು. ನಾನು ಅಜ್ಜಿಯ ರಿಪೋರ್ಟನ್ನು ಮೊದಲು ಮುದ್ರಿಸಿ ಇಟ್ಟುಕೊಂಡೆ.

ಹನ್ನೊಂದಕ್ಕೆ ಅವರು ಬಂದರು. ಹುಡುಗಿಯ ಎರಡು ಜಡೆಗಳು ಒಂದೇ ಎತ್ತರದಲ್ಲಿರಲಿಲ್ಲ, ಅಪ್ಪನೇ ಹಾಕಿದ್ದಿರಬೇಕು. ಕೈಯಲ್ಲಿ ಹಳೆಯ ರಿಪೋರ್ಟನ್ನು ಎರಡಾಗಿ ಮಡಿಸಿ ಹಿಡಿದಿದ್ದಳು. ನೇರ ಒಳಕೋಣೆಗೆ ಬಂದು ಸುತ್ತ ನೋಡಿದಳು. ಪರದೆಯ ಹಿಂದೆ, ಫ್ರಿಜ್ಜಿನ ಪಕ್ಕದ ಸಂದಿಯಲ್ಲಿ, ಕೈ ತೊಳೆಯುವ ಜಾಗದಲ್ಲಿ ಇಣುಕಿದಳು. ಯಾರೂ ತಡೆಯಲಿಲ್ಲ. ಅವಳ ಅಪ್ಪ ಬಾಗಿಲಲ್ಲೇ ನಿಂತು ನೆಲ ನೋಡುತ್ತಿದ್ದರು. ಆಮೇಲೆ ಹುಡುಗಿ ಬಂದು ನನ್ನ ಮುಂದೆ ನಿಂತಳು.

"ಅಮ್ಮನ ಹೆಸ್ರು ಯಾರು ಬರ್ದಿದ್ದು ಆಂಟಿ?"

ಗೊತ್ತಿಲ್ಲ ಎಂಬುದು ಪ್ರಾಮಾಣಿಕ ಉತ್ತರ. ರಾತ್ರಿಯೆಲ್ಲ ಅದೇ ಉತ್ತರಕ್ಕೆ ಬಂದು ನಿಂತಿದ್ದೆ. ಆದರೆ ಗೊತ್ತಿಲ್ಲ ಎಂದರೆ ಅವಳು ಫ್ರಿಜ್ಜಿನ ಹಿಂದೆ ಮತ್ತೆ ಹುಡುಕುತ್ತಾಳೆ. ನಾಳೆ, ನಾಡಿದ್ದು, ಎಷ್ಟು ದಿನವೋ.

"ನಾನು, ಪುಟ್ಟ," ಎಂದೆ.

"ಯಾಕೆ?"

"ಹಬ್ಬದ ದಿನ ನಿಮ್ಮಮ್ಮ ಇರ್ಬೇಕಿತ್ತು ಅನ್ನಿಸ್ತು. ಅದಕ್ಕೆ ಅವ್ರ ಹೆಸ್ರು ಬರ್ದೆ. ಆಮೇಲೆ ಅಳಿಸ್ಲಿಲ್ಲ. ತಪ್ಪಾಯ್ತು."

"ಅಮ್ಮ ಬಂದಿತ್ತಾ?"

"ಇಲ್ಲ. ಬರ್ಲಿಲ್ಲ."

"ಅಜ್ಜಿ ರಕ್ತ ನೋಡಿದ್ದು?"

"ನಾನೇ."

ಅವಳು ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು, ಹೇಳಿದ್ದು ಅಲ್ಲಿ ಬರೆದಿದೆಯೇ ಎಂದು ಓದುವಂತೆ. ಕಾಗದವನ್ನು ನನಗೆ ಕೊಟ್ಟಳು. ಹೊಸದನ್ನು ಕೊಟ್ಟೆ. ಕೆಳಗಿನ ಸಾಲನ್ನು ಬೆರಳಿಟ್ಟು, ಅಕ್ಷರ ಕೂಡಿಸಿ, ನನ್ನ ಹೆಸರನ್ನು ಗಟ್ಟಿಯಾಗಿ ಓದಿದಳು. ಒಂದು ಸಲ ತಪ್ಪಿ, ಮತ್ತೆ ಸರಿಯಾಗಿ. ಆಮೇಲೆ ಅಪ್ಪನ ಹತ್ತಿರ ಹೋಗಿ ಅವರ ಪಂಚೆಗೆ ಮುಖವಿಟ್ಟು ಅಳತೊಡಗಿದಳು. ಅಮ್ಮ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲೆಂದು ಅವಳಪ್ಪ ಆಮೇಲೊಮ್ಮೆ ಹೇಳಿದರು. ನನಗೆ ಒಳ್ಳೆಯ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು.

ಇದಾಗಿ ವರ್ಷಗಳಾದವು. ಈಗ ಯಾರಾದರೂ ಕೇಳಿದರೆ ಆ ವಿಜಯದಶಮಿ ನನಗೆ ಸ್ಪಷ್ಟವಾಗಿ ನೆನಪಿದೆ. ಖುರ್ಚಿಯಲ್ಲಿ ನಾನು, ಖಾಲಿ ಖಾನೆ, ಬಲಗೈಯ ನಡುಬೆರಳು ಎರಡು ಸಲ ಕೆಳಗಿಳಿದದ್ದು. ಮೊದಲ ಸಲಕ್ಕೂ ಎರಡನೆಯದಕ್ಕೂ ನಡುವೆ ಉಸಿರು ಹಿಡಿದದ್ದು ಕೂಡ. ಆ ಭಾನುವಾರಕ್ಕೆ ಮೊದಲು ಇದರಲ್ಲಿ ಒಂದೂ ನನ್ನಲ್ಲಿರಲಿಲ್ಲ. ಮಗುವಿಗೆ ನಾನು ಎಂದ ಮೇಲೆ ಒಂದೊಂದಾಗಿ ಬಂದು ಸೇರಿಕೊಂಡವು. ಅಕ್ಕನ ಹಸಿರು ಬಳೆಯ ಕೈ ಎಲ್ಲಿ ಹೋಯಿತೋ, ಎಷ್ಟು ಕರೆದರೂ ಈಗ ಬರುವುದಿಲ್ಲ.